ಯೂನಿಫಾರಂ ಹಾಕಿದ ಮೇಲೆ ಎಷ್ಟು ಹಕ್ಕು ಉಳಿಯುತ್ತದೆ?

2025ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಒಬ್ಬ ಮಾಜಿ ಲೆಫ್ಟಿನೆಂಟ್‌ನ ಅರ್ಜಿಯನ್ನು ತಳ್ಳಿಹಾಕಿತು. ಆತ ಕ್ರೈಸ್ತ. ತನ್ನ ರೆಜಿಮೆಂಟಿನ ಮಂದಿರದ ಗರ್ಭಗುಡಿಯೊಳಗೆ ಹೋಗಲು ಒಪ್ಪಿರಲಿಲ್ಲ. ಸೇನೆ 2021ರಲ್ಲೇ ಆತನನ್ನು ಕೆಲಸದಿಂದ ತೆಗೆದಿತ್ತು. ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಇಂಥವರು ಸೇನೆಗೆ ಹೊಂದುವುದಿಲ್ಲ ಎಂದು ನ್ಯಾಯಪೀಠ ಕಟುವಾಗಿಯೇ ಹೇಳಿತು.

ಸುದ್ದಿ ಓದಿದವರು ಎರಡು ಪಾಲಾದರು. ಆರ್ಡರ್ ಮೀರಿದ, ಮನೆಗೆ ಕಳಿಸಿದರು, ಇದರಲ್ಲಿ ಚರ್ಚೆ ಮಾಡುವುದೇನಿದೆ ಎಂದರು ಕೆಲವರು. ಧರ್ಮದ ಹಕ್ಕು ಸಂವಿಧಾನದಲ್ಲೇ ಇದೆ ಅಲ್ವಾ, ಸೈನಿಕನಿಗೆ ಮಾತ್ರ ಯಾಕಿಲ್ಲ ಎಂದರು ಉಳಿದವರು. ಎರಡೂ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಸೈನಿಕನ ಮೇಲೆ ನಡೆಯುವ ಕಾನೂನು ಯಾವುದು ಎಂದು ನೋಡಬೇಕು.

ಹಾಸನ ಜಿಲ್ಲೆಗೆ ಇದು ದೂರದ ಪ್ರಶ್ನೆಯಲ್ಲ. ಅರಸೀಕೆರೆ, ಚನ್ನರಾಯಪಟ್ಟಣ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಮಿಲಿಟ್ರಿಗೆ ಹೋದ ಹುಡುಗರ ಮನೆಗಳಿವೆ. ರಜೆ ಮುಗಿಸಿ ಹೊರಟ ಮಗನನ್ನು ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿಸಿ ಬರುವ ಅಪ್ಪ ಅಮ್ಮನಿಗೆ ಅವನ ಸಂಬಳ ಗೊತ್ತಿರುತ್ತದೆ, ಪೋಸ್ಟಿಂಗ್ ಎಲ್ಲಿ ಅನ್ನುವುದೂ ಗೊತ್ತಿರುತ್ತದೆ. ಅಲ್ಲಿ ಅವನ ತಪ್ಪು ಒಪ್ಪುಗಳನ್ನು ಯಾರು ತೂಗುತ್ತಾರೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಏನಾದರೂ ಎಡವಟ್ಟಾದ ಮೇಲೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಲೆಫ್ಟಿನೆಂಟ್‌ನ ಪ್ರಕರಣ ದೊಡ್ಡ ಸುದ್ದಿಯಾಯಿತು. ಆದರೆ ನಿಜವಾದ ತೊಡಕು ಇರುವುದು ಸುದ್ದಿಯೇ ಆಗದ ಜಾಗದಲ್ಲಿ. ಸಾಮಾನ್ಯ ಜವಾನನಿಗೆ ಬೀಳುವ ಸಣ್ಣ ಸಣ್ಣ ಶಿಕ್ಷೆಗಳಲ್ಲಿ, ಅವನ್ನು ಕೊಡುವ ಒಬ್ಬನೇ ಅಧಿಕಾರಿಯ ಕೋಣೆಯಲ್ಲಿ.

## ಆ ಪ್ರಕರಣದಲ್ಲಿ ಆಗಿದ್ದು

ಆತ 2017ರಲ್ಲಿ ಅಧಿಕಾರಿಯಾಗಿ ಸೇರಿದ. ಸಿಖ್ ಸೈನಿಕರ ತುಕಡಿಯ ಹೊಣೆ ಸಿಕ್ಕಿತು. ರೆಜಿಮೆಂಟಿನಲ್ಲಿ ಮಂದಿರ ಮತ್ತು ಗುರುದ್ವಾರ ಇದ್ದವು. ವಾರಕ್ಕೊಮ್ಮೆ ಧಾರ್ಮಿಕ ಪರೇಡ್ ನಡೆಯುತ್ತಿತ್ತು. ಪರೇಡಿಗೆ ಬರುತ್ತೇನೆ, ಸೈನಿಕರ ಜೊತೆ ಇರುತ್ತೇನೆ, ಪೂಜೆ ನಡೆಯುವಾಗ ಒಳಗಿನ ಗರ್ಭಗುಡಿಗೆ ಹೋಗುವುದರಿಂದ ಮಾತ್ರ ವಿನಾಯಿತಿ ಕೊಡಿ ಎನ್ನುವುದು ಆತನ ಬೇಡಿಕೆ. ಸೇನೆ ಹೇಳಿದ್ದು ಬೇರೆ. ಸೈನಿಕರನ್ನು ಮುನ್ನಡೆಸುವ ಅಧಿಕಾರಿ ಅವರ ನಂಬಿಕೆಯಿಂದ ದೂರ ನಿಂತರೆ ತಂಡದ ಒಗ್ಗಟ್ಟು ಸಡಿಲವಾಗುತ್ತದೆ. ಮೇಲಧಿಕಾರಿಗಳು ಹಲವು ಸಲ ಬುದ್ಧಿ ಹೇಳಿದ್ದರು. ಒಳಗೆ ಹೋದರೆ ನಂಬಿಕೆಗೆ ಧಕ್ಕೆಯಿಲ್ಲ ಎಂದು ಒಬ್ಬ ಪಾದ್ರಿಯೂ ಹೇಳಿದ್ದರು.

ದೆಹಲಿ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಸೇನೆಯ ಪರ ನಿಂತಿತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ.

ಇಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಈತನಿಗೆ ಕೋರ್ಟ್ ಮಾರ್ಷಲ್ ಆಗಲೇ ಇಲ್ಲ. ಧರ್ಮದ ಸೂಕ್ಷ್ಮ ವಿಷಯವಾದ್ದರಿಂದ ವಿಚಾರಣೆ ನಡೆಸುವುದು ಸರಿಯಲ್ಲ ಎಂದು ಸೇನಾ ಮುಖ್ಯಸ್ಥರು ತೀರ್ಮಾನಿಸಿದರು. ಸೇನಾ ಕಾಯ್ದೆಯ ಸೆಕ್ಷನ್ 19 ಮತ್ತು ಸೇನಾ ನಿಯಮ 14ರ ಪ್ರಕಾರ ಆಡಳಿತದ ಆದೇಶದಲ್ಲೇ ವಜಾ ಮಾಡಿದರು. ಕಾನೂನಿನಲ್ಲಿ ಈ ದಾರಿ ಇದೆ. ಆದರೆ ಸಾಕ್ಷಿಗಳನ್ನು ಕರೆಸಿ ಎದುರು ಪ್ರಶ್ನೆ ಕೇಳುವ ಅವಕಾಶ ಇದರಲ್ಲಿ ಸಿಗುವುದಿಲ್ಲ. ಆತ ಮಾಡಿದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಕೆಲಸ ಮತ್ತು ಪಿಂಚಣಿ ಎರಡನ್ನೂ ಕಳೆದುಕೊಳ್ಳುವವನಿಗೆ ಒಂದು ಪೂರ್ತಿ ವಿಚಾರಣೆ ಸಿಗಬೇಕಿತ್ತು ಎಂದೇ ನನಗನ್ನಿಸುತ್ತದೆ.

## ಸಂವಿಧಾನವೇ ಬಿಟ್ಟುಕೊಟ್ಟ ಜಾಗ

ಮೊದಲು ಒಂದು ಗೊಂದಲ ಬಿಡಿಸೋಣ. ಸೇನಾ ಕಾನೂನು ಬೇರೆ, ಮಾರ್ಷಲ್ ಲಾ ಬೇರೆ. ಊರು ಕೇರಿಗಳ ಆಡಳಿತವೇ ಮಿಲಿಟ್ರಿ ಕೈಗೆ ಹೋದರೆ ಅದು ಮಾರ್ಷಲ್ ಲಾ. ಸೇನಾ ಕಾನೂನು ಸೈನಿಕರಿಗಷ್ಟೇ, ದಿನವೂ ನಡೆಯುವಂಥದ್ದು. ಬ್ರಿಟಿಷರ ಕಾಲದ 1911ರ ಕಾಯ್ದೆಯ ಜಾಗಕ್ಕೆ ಬಂದ 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳು ಇದರ ಬುಡ.

ಇದಕ್ಕೆ ಬಲ ಕೊಡುವುದು ಸಂವಿಧಾನದ 33ನೇ ವಿಧಿ. ಸೈನಿಕರು ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡಲಿ, ಶಿಸ್ತು ಉಳಿಯಲಿ ಎಂಬ ಕಾರಣಕ್ಕೆ ಅವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಾನೂನು ಮಾಡಿ ಮೊಟಕು ಮಾಡಬಹುದು ಎನ್ನುತ್ತದೆ ಅದು. ಮೊಟಕು ಮಾಡಬೇಕಾದವರು ಸಂಸತ್ತು. ಅದೂ ಕಾನೂನಿನ ಮೂಲಕ. ಯಾರೋ ಒಬ್ಬ ಅಧಿಕಾರಿ ಇವತ್ತು ಬೆಳಿಗ್ಗೆ ಅಂದುಕೊಂಡ ಹಾಗಲ್ಲ.

ಹಾಗಾದರೆ ಸಂಸತ್ತು ಏನನ್ನು ಮೊಟಕು ಮಾಡಿದೆ? ಸೇನಾ ಕಾಯ್ದೆಯ ಸೆಕ್ಷನ್ 21 ಮೂರು ವಿಷಯ ಹೇಳುತ್ತದೆ. ಸಂಘ ಕಟ್ಟುವುದು, ರಾಜಕೀಯ ಸಭೆ ಮೆರವಣಿಗೆಗೆ ಹೋಗುವುದು, ಪತ್ರಿಕೆಗಳಿಗೆ ಬರೆಯುವುದು. ಈ ಮೂರಕ್ಕೂ ಕಡಿವಾಣ ಹಾಕುವ ಅಧಿಕಾರ ಸರ್ಕಾರಕ್ಕಿದೆ. ಧರ್ಮದ ಹಕ್ಕಿನ ಮಾತು ಆ ಸೆಕ್ಷನ್ನಿನಲ್ಲಿ ಇಲ್ಲ. ಲೆಫ್ಟಿನೆಂಟ್ ಪ್ರಕರಣದಲ್ಲಿ ಸೇನೆ ಹಿಡಿದ ದಾರಿ ಬೇರೆ. ನ್ಯಾಯಬದ್ಧ ಆಜ್ಞೆಯನ್ನು ಮೀರಿದ ಎನ್ನುವುದೇ ಅಲ್ಲಿ ಮುಖ್ಯವಾಯಿತು.

1982ರಲ್ಲಿ ಪ್ರಿಥಿ ಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಸೇನಾ ಕಾಯ್ದೆಯ ಯಾವುದಾದರೂ ಸೆಕ್ಷನ್ ಮೂಲಭೂತ ಹಕ್ಕಿಗೆ ಅಡ್ಡ ಬಂದರೆ, ಅಷ್ಟರ ಮಟ್ಟಿಗೆ ಆ ಹಕ್ಕೇ ಹಿಂದೆ ಸರಿಯುತ್ತದೆ ಎಂದಿತು. ಆದರೆ ಅದೇ ತೀರ್ಪಿನಲ್ಲಿ ಕೋರ್ಟು ಬೇಸರವನ್ನೂ ಮುಚ್ಚಿಡಲಿಲ್ಲ. ಕೋರ್ಟ್ ಮಾರ್ಷಲ್ ಆದವನಿಗೆ ಸಾಕ್ಷ್ಯವನ್ನು ಮತ್ತೆ ಪರಿಶೀಲಿಸುವ ಒಂದೇ ಒಂದು ಮೇಲ್ಮನವಿಯೂ ಇಲ್ಲದಿರುವುದು ದೊಡ್ಡ ಕೊರತೆ ಎಂದು ಬರೆಯಿತು. ಆ ಕೊರತೆ ತುಂಬಲು ಇಪ್ಪತ್ತೈದು ವರ್ಷ ಬೇಕಾಯಿತು. ಅದೂ ಅರ್ಧ ಮಾತ್ರ ತುಂಬಿತು.

## ಒಬ್ಬನೇ ಕೂತರೂ ಕೋರ್ಟು

ಕೋರ್ಟ್ ಮಾರ್ಷಲ್ ಎಂದರೆ ಗುಂಡಿಕ್ಕಿ ಕೊಲ್ಲುವುದು ಅಂದುಕೊಂಡವರು ನಮ್ಮಲ್ಲಿ ಜಾಸ್ತಿ. ಹಾಗಲ್ಲ. ಅದು ವಿಚಾರಣೆಯ ಹೆಸರು. ಅದರಲ್ಲಿ ನಾಲ್ಕು ಬಗೆ. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕಡಿಮೆಯೆಂದರೂ ಐದು ಜನ ಅಧಿಕಾರಿಗಳು ಕೂರಬೇಕು, ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್‌ನಲ್ಲಿ ಮೂರು ಜನ. ಯುದ್ಧಕಾಲದಂಥ ಹೊತ್ತಿಗೆ ಸಮ್ಮರಿ ಜನರಲ್ ಎನ್ನುವುದೊಂದಿದೆ. ಇವನ್ನು ಬಿಟ್ಟು ಮುಂದೆ ಹೋಗೋಣ. ಹಳ್ಳಿಯಿಂದ ಹೋದ ಸಿಪಾಯಿ ಎದುರಿಸುವ ಸಾಧ್ಯತೆ ಇರುವುದು ನಾಲ್ಕನೆಯದನ್ನು, ಸಮ್ಮರಿ ಕೋರ್ಟ್ ಮಾರ್ಷಲ್ ಅನ್ನು.

ಇದರಲ್ಲಿ ನ್ಯಾಯಾಧೀಶ ಒಬ್ಬನೇ. ಅದೇ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್, ಎಲ್ಲರೂ ಸಿಒ ಸಾಹೇಬ್ ಅನ್ನುವವರು. ಜೊತೆಗೆ ಇಬ್ಬರು ಕೂರಬೇಕು, ನಿಜ. ಆದರೆ ಅವರಿಗೆ ಪ್ರಮಾಣ ವಚನ ಇಲ್ಲ, ತೀರ್ಪಿನಲ್ಲಿ ಮತವೂ ಇಲ್ಲ. ಆರೋಪಿಗೆ ನೆರವಾಗಲು ಸ್ನೇಹಿತ ಎಂದು ಒಬ್ಬನನ್ನು ಕೊಡುತ್ತಾರೆ. ಆತ ಕಿವಿಯಲ್ಲಿ ಸಲಹೆ ಹೇಳಬಹುದು. ಎದ್ದು ನಿಂತು ವಾದ ಮಾಡುವಂತಿಲ್ಲ, ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ. ಇಷ್ಟರಲ್ಲೇ ಲೆಫ್ಟಿನೆಂಟ್ ಕರ್ನಲ್ ದರ್ಜೆಯ ಸಿಒ ಒಂದು ವರ್ಷದವರೆಗೆ ಜೈಲು ಕೊಡಬಹುದು, ಕೆಲಸದಿಂದಲೂ ತೆಗೆಯಬಹುದು. ಮೇಲಿನವರ ಒಪ್ಪಿಗೆ ಬರುವ ತನಕ ಕಾಯಬೇಕಿಲ್ಲ. ಕಡತ ಆಮೇಲೆ ಮೇಲಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಈ ಸಮ್ಮರಿ ವಿಚಾರಣೆ ಅಧಿಕಾರಿಗಳಿಗೆ ಅನ್ವಯಿಸುವುದಿಲ್ಲ, ಸುಬೇದಾರರಂಥ ಜೆಸಿಒಗಳಿಗೂ (ಜೂನಿಯರ್ ಕಮಿಷನ್ಡ್ ಆಫೀಸರ್) ಇಲ್ಲ. ಸಿಪಾಯಿ, ನಾಯಕ್, ಹವಾಲ್ದಾರರಿಗೆ ಮಾತ್ರ. ಯಾರಿಗೆ ಇಂಗ್ಲಿಷ್ ಕಡಿಮೆಯೋ, ಯಾರಿಗೆ ವಕೀಲರ ಪರಿಚಯ ಇಲ್ಲವೋ, ಅವರಿಗೇ ಎಲ್ಲಕ್ಕಿಂತ ಕಡಿಮೆ ರಕ್ಷಣೆ.

## ಊಟ ಮಾಡದ ಸಿಗ್ನಲ್‌ಮ್ಯಾನ್

1985ರಲ್ಲಿ ನಡೆದ ಒಂದು ಪ್ರಕರಣ ನೋಡಿ. ರಂಜಿತ್ ಠಾಕೂರ್ ಪ್ರಕರಣ ಎಂದೇ ಅದು ಕಾನೂನು ಪುಸ್ತಕಗಳಲ್ಲಿದೆ. ಈ ಸಿಗ್ನಲ್‌ಮ್ಯಾನ್ (ಸೇನೆಯ ಸಂಪರ್ಕ ವಿಭಾಗದ ಜವಾನ) ತನ್ನ ಸಿಒ ಕಿರುಕುಳ ಕೊಡುತ್ತಿದ್ದಾರೆಂದು ಮೇಲಿನ ಅಧಿಕಾರಿಗಳಿಗೆ ನೇರವಾಗಿ ಬರೆದ. ಅದು ಕ್ರಮ ತಪ್ಪಿದ ದೂರು. ಸೇನಾ ಕಾಯ್ದೆಯ ಸೆಕ್ಷನ್ 26ರ ಪ್ರಕಾರ ಸಿಪಾಯಿಯ ದೂರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಬೇಕು. ಅದಕ್ಕೆ ಅದೇ ಸಿಒ ಅವನಿಗೆ 28 ದಿನಗಳ ಕಠಿಣ ಸಜೆ ಕೊಟ್ಟರು. ಕ್ವಾರ್ಟರ್ ಗಾರ್ಡ್, ಅಂದರೆ ಯೂನಿಟ್ಟಿನ ಪಹರೆ ಠಾಣೆಯ ಕೋಣೆಯಲ್ಲಿ ಕೈಕೋಳ ಹಾಕಿ ಇಟ್ಟರು.

ಅಲ್ಲಿರುವಾಗ ಒಂದು ದಿನ ಸುಬೇದಾರರು ಬಂದು ಊಟ ಮಾಡು ಎಂದರು. ಅವನು ಮಾಡಲಿಲ್ಲ. ಅಷ್ಟೇ. ಅದು ಆಜ್ಞೆ ಮೀರಿದ ಅಪರಾಧವಾಯಿತು. ಸಮ್ಮರಿ ಕೋರ್ಟ್ ಮಾರ್ಷಲ್ ಕೂತಿತು. ಪೀಠದಲ್ಲಿ ಇದ್ದವರು, ಯಾರ ಮೇಲೆ ಅವನು ದೂರು ಕೊಟ್ಟಿದ್ದನೋ ಅದೇ ಸಿಒ. ಒಂದು ವರ್ಷ ಕಠಿಣ ಸಜೆ, ಜೊತೆಗೆ ಕೆಲಸದಿಂದ ವಜಾ. ತೇಜ್‌ಪುರದ ಜೈಲಿನಲ್ಲಿ ಅವನು ಸಜೆಯನ್ನು ಪೂರ್ತಿ ಅನುಭವಿಸಿದ.

1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ. ಮುಂದೆ ಅವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರೂ ಆದರು. ಇಂಥವರು ನನ್ನ ವಿಚಾರಣೆ ಮಾಡುವುದು ಬೇಡ ಎಂದು ಹೇಳುವ ಅವಕಾಶ ಆರೋಪಿಗೆ ಇರಲೇಬೇಕು, ಅದನ್ನೇ ಕೊಟ್ಟಿಲ್ಲ ಎಂದರು. ಶಿಕ್ಷೆ ತಪ್ಪಿಗೆ ತಕ್ಕಷ್ಟಿರಬೇಕು, ಅಂತಃಸಾಕ್ಷಿ ಬೆಚ್ಚುವಷ್ಟು ಅತಿಯಾದರೆ ಕೋರ್ಟು ಕೈಹಾಕುತ್ತದೆ ಎಂದರು. ಅವನಿಗೆ ಕೆಲಸವನ್ನು, ತಪ್ಪಿಹೋದ ಸಂಬಳವನ್ನು ವಾಪಸ್ ಕೊಡಿಸಿದರು. ಜೈಲಿನಲ್ಲಿ ಕಳೆದ ಒಂದು ವರ್ಷವನ್ನು ಯಾರೂ ವಾಪಸ್ ಕೊಡಲಾರರು.

ಆಮೇಲೆ ಸುಧಾರಣೆ ಆಗಿಲ್ಲವೆಂದಲ್ಲ. ತುರ್ತಾಗಿ ಕ್ರಮ ತೆಗೆದುಕೊಳ್ಳಲೇಬೇಕಾದ ಪರಿಸ್ಥಿತಿ ಇದ್ದರೆ ಮಾತ್ರ ಸಮ್ಮರಿ ಕೋರ್ಟ್ ಮಾರ್ಷಲ್ ಮಾಡಿ, ಆ ತುರ್ತು ಏನೆಂದು ಬರೆದಿಡಿ ಎಂದು 2016ರಲ್ಲಿ ವಿಶ್ವಪ್ರಿಯ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕೂರುವವರು ಇವತ್ತಿಗೂ ಸಿಒ ಒಬ್ಬರೇ.

## ರಜೆ ಮುಗಿದರೂ ಹೊರಡದವನು

ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಮನೆಗಳನ್ನು ತಟ್ಟುವುದು ಸೆಕ್ಷನ್ 80. ಕೋರ್ಟ್ ಮಾರ್ಷಲ್ ಏನೂ ಇಲ್ಲದೆ, ಸಿಒ ತಮ್ಮ ಕಚೇರಿಯಲ್ಲೇ 28 ದಿನಗಳವರೆಗೆ ಸೇನಾ ಬಂಧನದ ಶಿಕ್ಷೆ ಕೊಡಬಹುದು. ಜವಾನನ ಟೋಪಿ, ಬೆಲ್ಟ್ ತೆಗೆಸಿ ಮಾರ್ಚ್ ಮಾಡಿಸಿ ಒಳಗೆ ಕರೆತರುತ್ತಾರೆ. ಆರೋಪ ಓದುತ್ತಾರೆ. ಸಾಕ್ಷಿಗಳನ್ನು ಪ್ರಶ್ನಿಸುವ, ತನ್ನ ಮಾತು ಹೇಳುವ ಹಕ್ಕು ನಿಯಮ 22ರಲ್ಲಿದೆ. ಆದರೆ ಅಟೆನ್ಶನ್‌ನಲ್ಲಿ ನಿಂತ 22 ವರ್ಷದ ಹುಡುಗ ತನ್ನ ಸಿಒ ಎದುರಿಗೆ ಎಷ್ಟು ಬಾಯಿ ಬಿಟ್ಟಾನು?

ಇಂಥ ಪೇಶಿಗೆ ಮಲೆನಾಡಿನ ಹುಡುಗನನ್ನು ತಂದು ನಿಲ್ಲಿಸಬಹುದಾದ ಕಾರಣವೊಂದನ್ನು ಊಹಿಸಿಕೊಳ್ಳಿ. ಸಕಲೇಶಪುರದ ಕಡೆಯವನು. ಜುಲೈನಲ್ಲಿ ರಜೆಗೆ ಬಂದಿದ್ದಾನೆ. ಅಪ್ಪನಿಗೆ ಹುಷಾರಿಲ್ಲ, ಮಳೆಗೆ ಊರಿನ ದಾರಿ ಕಡಿದುಹೋಗಿದೆ. 2024ರ ಜುಲೈನಲ್ಲಿ ಎಡಕುಮೇರಿ ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳೇ ದಿನಗಟ್ಟಲೆ ನಿಂತಿದ್ದು ನೆನಪಿರಬಹುದು. ನಾಲ್ಕು ದಿನ ಬಿಟ್ಟು ಹೋದರಾಯಿತು ಎಂದು ಮನೆಯವರು ಹೇಳುತ್ತಾರೆ. ಬೇರೆ ನೌಕರಿಯಲ್ಲಿ ಇದಕ್ಕೆ ನಾಲ್ಕು ದಿನದ ಸಂಬಳ ಹೋದೀತು, ಮೆಮೊ ಬಂದೀತು. ಸೇನೆಯಲ್ಲಿ ಇದು ಸೆಕ್ಷನ್ 39ರ ಅಪರಾಧ. ಕೋರ್ಟ್ ಮಾರ್ಷಲ್ ಆದರೆ ಮೂರು ವರ್ಷದವರೆಗೆ ಸಜೆ ಇದೆ. ಮೂವತ್ತು ದಿನ ದಾಟಿದರೆ ವಿಚಾರಣಾ ಮಂಡಳಿ ಕೂತು ಗೈರು ಎಂದು ದಾಖಲಿಸುತ್ತದೆ. ಆಮೇಲೆ ಅವನನ್ನು ಓಡಿಹೋದವನು ಎಂದೇ ಲೆಕ್ಕ ಹಾಕುತ್ತಾರೆ. ಹಿಡಿದುಕೊಡಿ ಎಂದು ಊರಿನ ಪೊಲೀಸರಿಗೆ ಪತ್ರ ಬರುತ್ತದೆ. ಮಗ ದೇಶ ಕಾಯುತ್ತಾನೆ ಎಂದು ಹೆಮ್ಮೆ ಪಡುತ್ತಿದ್ದ ಮನೆ ಬಾಗಿಲಿಗೆ ಪೊಲೀಸರು ಬಂದು ನಿಲ್ಲುವುದು ಹೀಗೆ.

ಕಾಯ್ದೆ ಇಲ್ಲಿ ಒಂದು ದಾರಿ ಬಿಟ್ಟಿದೆ. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿದರೆ ಮಾತ್ರ ಅಪರಾಧ ಎನ್ನುತ್ತದೆ ಸೆಕ್ಷನ್. ಕಾರಣ ಇತ್ತು ಎಂದು ತೋರಿಸಬೇಕಾದರೆ ಕಾಗದ ಬೇಕು. ಸರ್ಕಾರಿ ಆಸ್ಪತ್ರೆಯ ಚೀಟಿ, ರಜೆ ಮುಗಿಯುವ ಮೊದಲೇ ಯೂನಿಟ್ಟಿಗೆ ಕಳಿಸಿದ ಮನವಿ, ದಾರಿ ಬಂದ್ ಆಗಿತ್ತೆಂದು ಪೊಲೀಸ್ ಠಾಣೆಯಲ್ಲಿ ಬರೆಸಿಕೊಂಡ ಪತ್ರ. ಬಾಯಿ ಮಾತಿಗೆ ಬೆಲೆ ಕಡಿಮೆ.

ಹೀಗೆ ಬಿದ್ದ ಶಿಕ್ಷೆ ಅವನ ನಡತೆಯ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಕೂರುತ್ತದೆ. ರೆಡ್ ಇಂಕ್ ಎಂಟ್ರಿ ಎನ್ನುತ್ತಾರೆ. ಅಂಥವು ನಾಲ್ಕು ಆದರೆ ಬೇಡದ ಸೈನಿಕ ಎಂದು ಮನೆಗೆ ಕಳಿಸಬಹುದು. ಸಿಪಾಯಿಗೆ ಪಿಂಚಣಿ ಬರಲು 15 ವರ್ಷ ಸೇವೆ ಆಗಬೇಕು. ಹದಿಮೂರನೇ ವರ್ಷದಲ್ಲಿ ನಾಲ್ಕನೇ ಎಂಟ್ರಿ ಬಿದ್ದರೆ ಆ ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ತಡೆ ಹಾಕಿತು. ನಾಲ್ಕು ಎಂಟ್ರಿ ಇವೆ ಎಂದ ಮಾತ್ರಕ್ಕೆ ತೆಗೆಯುವಂತಿಲ್ಲ, ಮೊದಲು ವಿಚಾರಣೆ ಮಾಡಿ, ಅವನ ಸೇವೆ ಎಂಥದ್ದು ಎಂದು ನೋಡಿ ಎಂದಿತು.

## ಕೊಚ್ಚಿಯ ದಾರಿ

2007ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂತು. 2009ರ ಆಗಸ್ಟ್‌ನಲ್ಲಿ ಮಂಡಳಿ ಕೆಲಸ ಶುರು ಮಾಡಿತು. ಹೈಕೋರ್ಟಿನ ಅನುಭವ ಇರುವ ನ್ಯಾಯಾಧೀಶರ ಜೊತೆ ಸೇನೆಯ ನಿವೃತ್ತ ಹಿರಿಯ ಅಧಿಕಾರಿ ಕೂತು ಕೇಳುತ್ತಾರೆ. ಕೋರ್ಟ್ ಮಾರ್ಷಲ್ ಮೇಲಿನ ಮೇಲ್ಮನವಿ, ಪಿಂಚಣಿ, ಬಡ್ತಿ ಎಲ್ಲ ಇಲ್ಲಿಗೆ ಬರುತ್ತವೆ. 1982ರ ಕೊರತೆ ತುಂಬಿದ್ದು ಇದರಿಂದಲೇ.

ಆದರೆ ಕಾಯ್ದೆಯ ವ್ಯಾಖ್ಯೆಯ ಭಾಗವನ್ನು ನಿಧಾನವಾಗಿ ಓದಿದರೆ ಬೇರೆಯೇ ಕಾಣುತ್ತದೆ. ಎತ್ತಂಗಡಿ, ಪೋಸ್ಟಿಂಗ್ ವಿಷಯ ಮಂಡಳಿಗೆ ಬರುವಂತಿಲ್ಲ. ಯಾವುದೇ ಬಗೆಯ ರಜೆಯ ವಿಷಯವೂ ಬರುವಂತಿಲ್ಲ. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಆಗಿದ್ದರೆ ಅಥವಾ ಮೂರು ತಿಂಗಳಿಗಿಂತ ಹೆಚ್ಚು ಸಜೆ ಆಗಿದ್ದರೆ ಮಾತ್ರ ಬರಬಹುದು. ಅಂದರೆ ಜವಾನನ ದಿನದ ಬದುಕನ್ನು ಹಿಂಡುವ ಸಂಗತಿಗಳೆಲ್ಲ ಬಾಗಿಲ ಹೊರಗೇ ಉಳಿದವು. 28 ದಿನದ ಬಂಧನ ಆದವನು ಮಂಡಳಿಗೆ ಹೋಗಲಾರ. ಅದೇ ಬಂಧನ ನಾಲ್ಕು ಸಲ ಸೇರಿ ಕೆಲಸ ಕಳೆದ ಮೇಲೆ ಹೋಗಬಹುದು.

ಕರ್ನಾಟಕದವರಿಗೆ ಇನ್ನೊಂದು ಕಷ್ಟ. ನಮ್ಮ ರಾಜ್ಯ ಸೇರಿರುವುದು ಕೊಚ್ಚಿ ಪೀಠಕ್ಕೆ. ಹಾಸನದಿಂದ ಬೆಂಗಳೂರಿನ ಹೈಕೋರ್ಟಿಗೆ ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಮನೆಗೆ ಬರಬಹುದು. ಕೊಚ್ಚಿಗೆಂದರೆ ಶಿರಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಮತ್ತೆ ರೈಲು. ಕೆಲಸ ಹೋದವನಿಗೆ, ಗಂಡನನ್ನು ಕಳೆದುಕೊಂಡು ಪಿಂಚಣಿಗೆ ಅಲೆಯುವ ಹೆಣ್ಣುಮಗಳಿಗೆ ಇದು ಸಣ್ಣ ವಿಷಯವಲ್ಲ. ಸೈನಿಕರನ್ನು ಇಷ್ಟೊಂದು ಕೊಡುವ ರಾಜ್ಯಕ್ಕೆ ಒಂದು ಕಾಯಂ ಪೀಠ ಬೇಕು.

ಮಂಡಳಿಯ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವಂತಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಅದನ್ನು ಸಡಿಲಿಸಿತು. ಸಂವಿಧಾನ ಹೈಕೋರ್ಟಿಗೆ ಕೊಟ್ಟ ರಿಟ್ ಅಧಿಕಾರವನ್ನು, ಅಂದರೆ ಸರ್ಕಾರಕ್ಕೂ ಮಂಡಳಿಗಳಿಗೂ ಆದೇಶ ಕೊಡುವ ಅಧಿಕಾರವನ್ನು, ಯಾವ ಮಂಡಳಿಯೂ ಕಿತ್ತುಕೊಳ್ಳದು ಎಂದಿತು. ಬಾಗಿಲು ತೆರೆದಿದ್ದು ಒಳ್ಳೆಯದಾಯಿತು.

ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಸೇನೆಯ ವಿಷಯದಲ್ಲಿ ಆಯೋಗಕ್ಕೆ ತಾನೇ ತನಿಖೆ ಮಾಡುವ ಅಧಿಕಾರ ಇಲ್ಲ. 1993ರ ಕಾಯ್ದೆಯ ಸೆಕ್ಷನ್ 19ರಂತೆ ಕೇಂದ್ರದಿಂದ ವರದಿ ಕೇಳಿ ಶಿಫಾರಸು ಮಾಡಬಹುದು, ಅಷ್ಟೇ. ನೌಕರಿಯ ದೂರುಗಳನ್ನು ಅದು ಸಾಮಾನ್ಯವಾಗಿ ತೆಗೆದುಕೊಳ್ಳುವುದೂ ಇಲ್ಲ.

## ಸೇನೆಯ ಮಾತಿನಲ್ಲೂ ತೂಕವಿದೆ

ಸೇನೆಯ ಪರ ಇರುವವರ ವಾದವನ್ನು ಹಗುರ ಮಾಡಬಾರದು. ಗಡಿಯ ಪೋಸ್ಟಿನಲ್ಲಿ ಇರುವವರು ಕೆಲವೇ ಜನ. ಒಬ್ಬ ಸಮಯಕ್ಕೆ ಬರದಿದ್ದರೆ ಅವನ ಪಹರೆಯನ್ನು ಇನ್ನೊಬ್ಬ ಮಾಡಬೇಕು, ಅವನ ರಜೆ ತಪ್ಪಬೇಕು. ತಪ್ಪು ಮಾಡಿದವನ ಶಿಕ್ಷೆ ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆದಾಡಿದರೆ ಸರಿಯಾಗಿ ಕೆಲಸ ಮಾಡುವವನ ಮನಸ್ಸು ಕುಗ್ಗುತ್ತದೆ. ಗುಂಡು ಹಾರುವ ಹೊತ್ತಿನಲ್ಲಿ ಇದು ಸರಿಯೇ ಎಂದು ಕೇಳುತ್ತ ನಿಂತರೆ ಪಕ್ಕದವನು ಸಾಯುತ್ತಾನೆ. ಹುಡುಗರನ್ನು ಮಕ್ಕಳಂತೆ ನೋಡಿಕೊಳ್ಳುವ ಸಿಒಗಳು ಎಷ್ಟೋ ಜನ ಇದ್ದಾರೆ.

ಈ ವಾದ ವಿಧೇಯತೆ ಯಾಕೆ ಬೇಕು ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಶಿಕ್ಷೆಯನ್ನು ಹೊರಗಿನವರೊಬ್ಬರು ಆಮೇಲೆ ನೋಡಬಾರದು ಯಾಕೆ ಎಂಬುದನ್ನು ಹೇಳುವುದಿಲ್ಲ. ಆಜ್ಞೆ ತಕ್ಷಣ ನಡೆಯಲಿ. ಪರಿಶೀಲನೆ ಒಂದು ತಿಂಗಳ ನಂತರ ನಡೆದರೆ ಯಾವ ಯುದ್ಧವೂ ಸೋಲುವುದಿಲ್ಲ. ನಮಗೆ ಈ ಕಾಯ್ದೆಯ ಅಚ್ಚು ಕೊಟ್ಟ ಬ್ರಿಟನ್ನೇ ಬದಲಾಗಿದೆ. 1997ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಫಿಂಡ್ಲೇ ಪ್ರಕರಣದಲ್ಲಿ ಅಲ್ಲಿನ ಕೋರ್ಟ್ ಮಾರ್ಷಲ್ ಸ್ವತಂತ್ರವಲ್ಲ ಎಂದು ಹೇಳಿತು. ಆಮೇಲೆ ಅಲ್ಲಿ ಸಿಒ ಕೊಟ್ಟ ಸಣ್ಣ ಶಿಕ್ಷೆಯ ಮೇಲೂ ಮೇಲ್ಮನವಿ ಹಾಕಲು ಒಂದು ಕೋರ್ಟು ಬಂತು. ಜರ್ಮನಿಯಲ್ಲಿ ಸಂಸತ್ತೇ ನೇಮಿಸಿದ ಒಬ್ಬ ಆಯುಕ್ತರಿದ್ದಾರೆ. ಸೈನಿಕ ಯಾವ ಮೇಲಧಿಕಾರಿಯನ್ನೂ ಕೇಳದೆ ಅವರಿಗೆ ನೇರ ಬರೆಯಬಹುದು. ರಂಜಿತ್ ಠಾಕೂರ್ ಯಾವ ಕೆಲಸಕ್ಕೆ ಕೈಕೋಳ ಹಾಕಿಸಿಕೊಂಡನೋ, ಅಲ್ಲಿ ಅದು ಹಕ್ಕು.

## ಮುಂದೆ ಏನಾಗಬಹುದು

ನವೆಂಬರ್ ತೀರ್ಪಿನ ಪರಿಣಾಮ ಒಂದು ಮಟ್ಟಿಗೆ ಸೀಮಿತ. ಸೈನಿಕರನ್ನು ಮುನ್ನಡೆಸುವ ಅಧಿಕಾರಿಯ ನಡತೆಯ ಬಗ್ಗೆ ಅದು. ಸೈನಿಕನಿಗೆ ಧರ್ಮದ ಹಕ್ಕೇ ಇಲ್ಲ ಎಂದು ಯಾವ ಕೋರ್ಟೂ ಹೇಳಿಲ್ಲ. ಆದರೂ ವಿನಾಯಿತಿ ಕೇಳಬೇಕೆಂದು ಇದ್ದವರು ಇನ್ನು ಮುಂದೆ ಸುಮ್ನೆ ಇದ್ದುಬಿಡಬಹುದು. ಕೇಳುವುದೇ ಅಶಿಸ್ತು ಎಂಬ ಭಾವನೆ ಬೆಳೆದರೆ, ಸಣ್ಣದರಲ್ಲಿ ಬಗೆಹರಿಯಬೇಕಾದ್ದು ಮನಸ್ಸಿನಲ್ಲಿ ಕೊಳೆಯುತ್ತದೆ.

ಅದಕ್ಕಿಂತ ಹತ್ತಿರದ ಪರೀಕ್ಷೆ ಅಗ್ನಿವೀರರದ್ದು. 2022ರಲ್ಲಿ ಬಂದ ಯೋಜನೆಯ ಮೊದಲ ತಂಡ 2026ರ ಕೊನೆಯಿಂದ ನಾಲ್ಕು ವರ್ಷ ಮುಗಿಸುತ್ತಿದೆ. ಉಳಿಸಿಕೊಳ್ಳುವುದು ಶೇ. 25ರವರೆಗೆ ಮಾತ್ರ. ಇವರಿಗೂ ಅದೇ 1950ರ ಕಾಯ್ದೆ, ಅದೇ ಸೆಕ್ಷನ್ 80. ನೂರರಲ್ಲಿ ಎಪ್ಪತ್ತೈದು ಜನ ಹೊರಗೆ ಹೋಗುವಲ್ಲಿ ಒಂದೇ ಒಂದು ಕೆಂಪು ಎಂಟ್ರಿ ತಕ್ಕಡಿಯನ್ನು ವಾಲಿಸಬಹುದು. ಆ ಎಂಟ್ರಿ ಸರಿಯಾಗಿತ್ತೇ ಎಂದು ನೋಡುವವರು ಹೊರಗೆ ಯಾರೂ ಇಲ್ಲದಿದ್ದರೆ, ಇಲ್ಲಿಯವರೆಗೆ ಸಣ್ಣ ಶಿಕ್ಷೆ ಎನಿಸಿಕೊಂಡಿದ್ದು ಕೆಲಸವನ್ನೇ ಕಸಿಯುವ ಶಿಕ್ಷೆಯಾಗುತ್ತದೆ. ಮಂಡಳಿಯ ವ್ಯಾಪ್ತಿಯನ್ನು ಹಿಗ್ಗಿಸಿ ಎಂಬ ಒತ್ತಾಯ ಇಲ್ಲಿಂದಲೇ ಬಲವಾಗುವ ಸಾಧ್ಯತೆ ಇದೆ. ಬಲವಾಗಬೇಕು ಕೂಡ.

ಅಲ್ಲಿಯ ತನಕ ಮನೆಯವರ ಕೈಯಲ್ಲಿ ಇರುವುದು ಇಷ್ಟು. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರ ಕುಟುಂಬಗಳಿಗಾಗಿ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿತು. ಸೈನಿಕ ಕಲ್ಯಾಣ ಕಚೇರಿಗಳ ಮೂಲಕ ಉಚಿತ ಕಾನೂನು ನೆರವು ಕೊಡುವ ಯೋಜನೆ ಅದು. ಹಾಸನದ ಕಚೇರಿಯಲ್ಲಿ, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ನ್ಯಾಯಮಂಡಳಿಗೆ ಹೋಗುವ ಮೊದಲು ಸೇನೆಯೊಳಗಿನ ಮನವಿ ಮುಗಿಸಿರಬೇಕು. ಮನವಿಗೆ ಆರು ತಿಂಗಳಲ್ಲಿ ಉತ್ತರ ಬರದಿದ್ದರೆ ಕಾಯಬೇಕಿಲ್ಲ. ಕೊನೆಯ ಆದೇಶ ಬಂದ ಮೇಲೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕೋರ್ಟ್ ಮಾರ್ಷಲ್ ಆದವನಿಗೆ ವಿಚಾರಣೆಯ ಕಡತದ ಪ್ರತಿ ಕೇಳುವ ಹಕ್ಕು ಸೇನಾ ನಿಯಮ 147ರಲ್ಲಿದೆ. ಮಗ ಮನೆಗೆ ಬಂದ ದಿನವೇ ಆ ಪ್ರತಿಗೆ ಅರ್ಜಿ ಬರೆಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.